ಕಿರುಬೆರಳಿಗೆ ಜೋಮು ಹಿಡಿದಾಗ

ಶಿವಮೊಗ್ಗದ ಪಿಟೀಲು ಕಲಾವಿದೆಯೊಬ್ಬರು ಬರೆದಿದ್ದಾರೆ: "ಹದಿನಾಲ್ಕು ವರ್ಷದಿಂದ ಪಕ್ಕವಾದ್ಯ ನುಡಿಸುತ್ತಿದ್ದೇನೆ. ನಾಲ್ಕು ತಿಂಗಳಿಂದ ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿವೆ. ಕಛೇರಿಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ವೇದಿಕೆಯಲ್ಲಿ ಕಮಾನು ಹಿಡಿದ ಕೈ ನಡುಗುತ್ತದೆ. ಗೆಳತಿ ಕೊಟ್ಟ ಮಾತ್ರೆ ಎರಡು ಸಲ ನುಂಗಿದೆ. ಯಾರಿಗೂ ಹೇಳಿಲ್ಲ. ಹೇಳಿದರೆ ರಾಮನವಮಿ ಕಛೇರಿಗಳು ಕೈತಪ್ಪುತ್ತವೆ. ನನ್ನ ಸಾಧನೆ ಸಾಲದೆ ಹೀಗಾಗುತ್ತಿದೆಯೇ? ಹೆಸರು ಹಾಕಬೇಡಿ."

ಇಲ್ಲಮ್ಮ, ಸಾಧನೆ ಸಾಲದೆ ಹೀಗಾಗಿಲ್ಲ. ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ.

ನಿಮ್ಮ ಪತ್ರ ಓದಿದಾಗ ನನ್ನ ಅಕ್ಕ ನೆನಪಾದಳು. ಅವಳು ವೀಣೆ ನುಡಿಸುತ್ತಿದ್ದಳು. ಮಣಿಕಟ್ಟು ನೋಯುತ್ತದೆ ಅಂದಾಗ "ಇನ್ನೂ ಕೂತು ನುಡಿಸು, ತಾನಾಗೇ ಹೋಗುತ್ತೆ" ಅಂತ ಗುರುಗಳು ಹೇಳಿದ್ದರು. ನಾವೂ ಹೌದು ಅಂದೆವು. ಎರಡು ವರ್ಷ ನೋವು ನುಂಗಿ ನುಡಿಸಿದಳು. ಆಮೇಲೆ ವೀಣೆಗೆ ಬಟ್ಟೆ ಹೊದಿಸಿ ಮೂಲೆಗಿಟ್ಟಳು. ಆವತ್ತು ಮನೆಯಲ್ಲಿ ಒಬ್ಬರಾದರೂ "ಸಾಕು, ನಿಲ್ಲಿಸು" ಅನ್ನಬೇಕಿತ್ತು. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಿರುಬೆರಳಿಗೂ ಉಂಗುರ ಬೆರಳಿಗೂ ಹೋಗುವ ನರ ಮೊಣಕೈ ಗಂಟಿನ ಒಳಬದಿಯಲ್ಲಿ ಹಾದುಹೋಗುತ್ತದೆ. ಮೊಣಕೈ ಎಲ್ಲಿಗಾದರೂ ತಾಗಿದರೆ ಕರೆಂಟು ಹೊಡೆದಂತಾಗುತ್ತದಲ್ವಾ, ಅದೇ ನರ. ಪಿಟೀಲು ನುಡಿಸುವಾಗ ಎಡ ಮೊಣಕೈ ಗಂಟೆಗಟ್ಟಲೆ ಮಡಿಚಿಕೊಂಡೇ ಇರುತ್ತದೆ. ನರ ಎಳೆದಂತಾಗುತ್ತದೆ, ಒತ್ತಡಕ್ಕೆ ಸಿಗುತ್ತದೆ. ಹಾಗಾಗಿ ಜೋಮು ಬೆರಳಲ್ಲಿ ಕಂಡರೂ ತೊಂದರೆ ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಇರಬಹುದು. ಬೆರಳಿಗೆ ಎಣ್ಣೆ ತಿಕ್ಕಿದರೆ ಹೋಗುವಂಥದ್ದಲ್ಲ. ಬೇಗ ತೋರಿಸಿದರೆ ಎಷ್ಟೋ ಸಲ ಆಪರೇಷನ್ ಇಲ್ಲದೆಯೇ ಸರಿಹೋಗುತ್ತದೆ. ಬಿಟ್ಟರೆ ಬೆರಳಿನ ಶಕ್ತಿಯೇ ಕುಂದಬಹುದು. ರಾತ್ರಿ ಕೈ ಮಡಿಚಿ ತಲೆಯಡಿ ಇಟ್ಟು ಮಲಗುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಮನೆಯ ಅಭ್ಯಾಸವನ್ನು ಒಂದೇ ಪಟ್ಟಿಗೆ ಎಳೆಯಬೇಡಿ. ಅರ್ಧ ಗಂಟೆಗೊಮ್ಮೆ ಪಿಟೀಲು ಕೆಳಗಿಟ್ಟು ಐದು ನಿಮಿಷ ಎದ್ದು ಓಡಾಡಿ. ಕಛೇರಿಯಲ್ಲಿ ಪಿಟೀಲಿನವರಿಗೆ ಬಿಡುವು ಸಿಗುವುದೇ ತನಿ ಆವರ್ತನದಲ್ಲಿ, ಅಂದರೆ ಮೃದಂಗದಂಥ ತಾಳವಾದ್ಯದವರು ಮಾತ್ರ ನುಡಿಸುವ ಹೊತ್ತಿನಲ್ಲಿ. ಆಗಲೂ ಎಷ್ಟೋ ಜನ ಪಿಟೀಲನ್ನು ಎದೆಗೆ ಒತ್ತಿಕೊಂಡೇ ಕೂತಿರುತ್ತಾರೆ. ಅದನ್ನು ಮಡಿಲಲ್ಲಿಡಿ, ಮೊಣಕೈ ನೀಡಿ, ತಾಳ ಹಾಕಿ. ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಆ ಮಾತ್ರೆ. ಹೆಸರು ನೀವು ಬರೆದಿಲ್ಲ. ಕೈನಡುಕಕ್ಕೆ ಕಲಾವಿದರು ಸಾಮಾನ್ಯವಾಗಿ ನುಂಗುವುದು ಪ್ರೊಪ್ರನೊಲಾಲ್. ಅದು ಎದೆಬಡಿತ ತಗ್ಗಿಸುತ್ತದೆ, ನಡುಕ ಕಡಿಮೆ ಮಾಡುತ್ತದೆ. ಆದರೆ ಆಸ್ತಮಾ ಇದ್ದವರಿಗೆ ಅಪಾಯ. ಎದೆಬಡಿತ ಮೊದಲೇ ನಿಧಾನ ಇದ್ದವರಿಗೂ ಆಗದು. ವೈದ್ಯರು ನೋಡಿ ಬರೆದುಕೊಟ್ಟರೆ ಅದು ಔಷಧ. ಗೆಳತಿಯ ಪರ್ಸಿನಿಂದ ಬಂದದ್ದನ್ನು ದಯವಿಟ್ಟು ನುಂಗಬೇಡಿ.

ವೇದಿಕೆಯ ಭಯ ಕಲಿಕೆ ಕಡಿಮೆಯಾದವರಿಗೆ ಮಾತ್ರ ಬರುತ್ತದೆ ಅಂತ ನಂಬಿದ್ದೀರಿ. ಸೆಲ್ಲೊ ಅಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ. ಅದರ ಹೆಸರಾಂತ ವಾದಕ ಪಾಬ್ಲೊ ಕಸಾಲ್ಸ್ ಅವರಿಗೆ ಜೀವನವಿಡೀ ಈ ಭಯ ಇತ್ತು. 1901ರಲ್ಲಿ ಅಮೆರಿಕದಲ್ಲಿ ಬೆಟ್ಟ ಇಳಿಯುವಾಗ ಅವರ ಎಡಗೈ ಮೇಲೆ ಕಲ್ಲು ಬಿತ್ತು. ಸದ್ಯ, ಇನ್ನು ಸೆಲ್ಲೊ ನುಡಿಸುವುದು ತಪ್ಪಿತಲ್ಲ ಎಂಬುದೇ ಆ ಕ್ಷಣ ಬಂದ ಮೊದಲ ಯೋಚನೆ ಅಂತ ಅವರೇ ಮುಂದೆ ಹೇಳಿಕೊಂಡರು. ಕೈ ವಾಸಿಯಾಯಿತು. ತೊಂಬತ್ತು ದಾಟಿದ ಮೇಲೂ ನುಡಿಸಿದರು. ಅಂಥವರೇ ಬಾಯಿಬಿಟ್ಟು ಹೇಳಿದ ಮೇಲೆ ನಾವು ಯಾಕೆ ಮುಚ್ಚಿಡಬೇಕು? ನಿದ್ದೆಗೆಟ್ಟ ರಾತ್ರಿ ಯಾರ ಹತ್ತಿರವೂ ಮಾತಾಡಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗಳಿಗೆ ಸರ್ಕಾರ ನಡೆಸುವ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಛೇರಿ ಬಿಟ್ಟರೆ ಜನ ಮರೆತುಬಿಡುತ್ತಾರೆ ಅನ್ನುವ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮಲ್ಲಿ ಪಕ್ಕವಾದ್ಯದವರಿಗೆ ರಜೆಯೂ ಇಲ್ಲ, ರಜೆಯ ಸಂಬಳವೂ ಇಲ್ಲ. ಇದು ಸಂಘಟಕರು ಯೋಚಿಸಬೇಕಾದ ಮಾತು. ಆದರೆ ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ನೆನೆಸಿಕೊಳ್ಳಿ. ಇಪ್ಪತ್ತು ದಾಟಿ ಕೆಲವೇ ವರ್ಷಕ್ಕೆ ಕ್ಷಯ ಬಂತು. 1948ರಲ್ಲಿ ಒಣ ಹವೆಗಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹತ್ತಿರಹತ್ತಿರ ಐದು ವರ್ಷ ಹಾಡುವಂತಿರಲಿಲ್ಲ. ಮಲಗಿದಲ್ಲೇ ಸುತ್ತಲಿನ ಮಾಳವದ ಜನಪದ ಹಾಡು ಕೇಳಿಸಿಕೊಂಡರು. ಸ್ಟ್ರೆಪ್ಟೊಮೈಸಿನ್ ಎಂಬ ಕ್ಷಯದ ಔಷಧದಿಂದ ವಾಸಿಯಾದರೂ ಒಂದು ಶ್ವಾಸಕೋಶ ಮೊದಲಿನಂತಾಗಲಿಲ್ಲ. 1953ರಲ್ಲಿ ಮತ್ತೆ ವೇದಿಕೆಗೆ ಬಂದರು. ಇದ್ದ ಉಸಿರಿಗೆ ಹೊಂದುವ ಚಿಕ್ಕ ಚಿಕ್ಕ ಸ್ವರಗುಚ್ಛಗಳಲ್ಲಿ ಹಾಡಿದರು. ಕೇಳಿಸಿಕೊಂಡ ಮಾಳವದ ಹಾಡು ಅವರ ಗಾಯನದೊಳಗೇ ಬಂದಿತ್ತು. ನಾವು ಇವತ್ತಿಗೂ ಕಿವಿಗೊಡುವುದು ಆ ದನಿಗೇ. ನಿಮಗೆ ಐದು ವರ್ಷ ಬೇಡ. ಕೆಲವು ವಾರ ಸಾಕಾಗಬಹುದು. ವೈದ್ಯರು ಹೇಳಲಿ.

ಈ ತಿಂಗಳ ಕಛೇರಿಗಳ ಸಂಘಟಕರಿಗೆ ಇವತ್ತೇ ಫೋನ್ ಮಾಡಿ ನಿಜವನ್ನೇ ಹೇಳಿ. "ಬೇರೆ ಊರಿಗೆ ಹೋಗಬೇಕು" ಅನ್ನಬೇಡಿ, ಕೈ ನೋಯುತ್ತಿದೆ ಅನ್ನಿ. ಮುಂದೆ ಇನ್ನೊಬ್ಬ ಹುಡುಗಿ ಅದೇ ಮಾತು ಹೇಳುವುದು ಸುಲಭವಾಗುತ್ತದೆ.

ನರರೋಗ ತಜ್ಞರ ಹತ್ತಿರ ಹೋಗುವಾಗ ಪಿಟೀಲು ತೆಗೆದುಕೊಂಡು ಹೋಗಿ. ಪಿಟೀಲು ಎಂದರೆ ಗದ್ದದ ಕೆಳಗಿಟ್ಟು ನಿಂತು ನುಡಿಸುವುದು ಎಂದೇ ಅವರು ಅಂದುಕೊಂಡಿರಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ, ತೋಡಿ ರಾಗವನ್ನೋ ಭೈರವಿಯನ್ನೋ ಐದು ನಿಮಿಷ ನುಡಿಸಿ ತೋರಿಸಿ. ಅವರು ನಿಮ್ಮ ಮೊಣಕೈ ನೋಡಲಿ. ಏನಂದರು ಅಂತ ನನಗೆ ಬರೆಯಿರಿ.

— ಸಂಪಾದಕ