ನೀರು ಕೇಳದ ಗಿಡ ಹುಡುಕುವ ಮೊದಲು ಕುಂಡದ ತಳ ನೋಡಿ

ಮೈಸೂರಿನಲ್ಲಿ ಬಾಡಿಗೆ ಮನೆ, ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ತಂದ ಗಿಡವೆಲ್ಲ ಸಾಯುತ್ತಿದೆ, ನೋಡಿಕೊಳ್ಳದಿದ್ದರೂ ಬದುಕುವ ಗಿಡ ಯಾವುದು ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ಕುವೆಂಪುನಗರದ ನನ್ನ ಮೊದಲ ಮನೆ ಕಣ್ಣ ಮುಂದೆ ಬಂತು.

ಆಗ ನಾನು ದಿನಾ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಬರುತ್ತಿದ್ದೆ. "ಇವು ಸಾಯೋದೇ ಇಲ್ಲ ಸಾರ್" ಅಂತ ನರ್ಸರಿಯವರು ಕೊಟ್ಟ ಎರಡು ಸ್ನೇಕ್ ಪ್ಲಾಂಟ್, ಒಂದು ಝಡ್‌ಝಡ್ ಗಿಡ, ಒಂದು ಲೋಳೆಸರ ತಂದು, ಚೆಂದ ಕಾಣಲಿ ಅಂತ ಬಿಳಿ ಪಿಂಗಾಣಿ ಕುಂಡಗಳಿಗೆ ಹಾಕಿದೆ. ಆ ಕುಂಡಗಳಿಗೆ ತಳದಲ್ಲಿ ತೂತೇ ಇರಲಿಲ್ಲ. ಇಡೀ ದಿನ ಮನೆಯಲ್ಲಿ ಯಾರೂ ಇರಲ್ಲ, ಪಾಪ ಒಣಗುತ್ತವೆ ಅಂತ ದಿನಾ ಹೊರಡುವ ಮುಂಚೆ ಒಂದೊಂದಕ್ಕೆ ಒಂದು ಲೋಟ ನೀರು ಬೇರೆ!

ಎಲೆ ಹಳದಿಯಾಯಿತು. ನೀರು ಸಾಲದು ಅಂದುಕೊಂಡು ಎರಡು ಲೋಟ ಹಾಕಿದೆ. ಊರಿಂದ ಬಂದ ಅವ್ವ ಮಣ್ಣಿಗೆ ಬೆರಳಿಟ್ಟು ನೋಡಿ, "ಇಷ್ಟು ನೀರು ನಿಂತ್ರೆ ಬೇರು ಉಸಿರಾಡೋದು ಹೆಂಗೆ ಮಗ?" ಅಂದರು. ಝಡ್‌ಝಡ್ ಗಿಡ ಎಳೆದರೆ ಸುಮ್ನೆ ಕೈಗೇ ಬಂತು. ಅದರ ಬುಡದಲ್ಲಿ ಆಲೂಗಡ್ಡೆ ಥರ ಗೆಡ್ಡೆ ಇರುತ್ತದೆ, ನೀರು ಕೂಡಿಟ್ಟುಕೊಳ್ಳುವುದು ಅದರಲ್ಲೇ. ಅದು ಕೊಳೆತು ನಾರುತ್ತಿತ್ತು.

ಇದೊಂದನ್ನು ದಯವಿಟ್ಟು ಅರ್ಥ ಮಾಡಿಕೊಳ್ಳಿ. ಮಣ್ಣಿನ ಸಂದಿಯಲ್ಲಿರುವ ಗಾಳಿ ಬೇರಿಗೆ ಬೇಕು. ನೀರು ನಿಂತರೆ ಆ ಜಾಗವೆಲ್ಲ ನೀರೇ ತುಂಬಿಕೊಂಡು ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ನೀರಿನಲ್ಲೇ ನಿಂತಿದ್ದರೂ ಗಿಡ ಬಾಯಾರಿದ ಹಾಗೆ ಬಾಡುತ್ತದೆ, ನಾವು ಇನ್ನಷ್ಟು ಸುರಿಯುತ್ತೇವೆ. ನಮ್ಮ ಕಡೆಯ ಕೆಂಪು ಮಣ್ಣನ್ನೇ ಕುಂಡಕ್ಕೆ ತುಂಬಿದರೆ ಗಟ್ಟಿಯಾಗಿ ಕೂತುಬಿಡುತ್ತದೆ, ಅದಕ್ಕೆ ಮರಳು, ತೆಂಗಿನ ನಾರಿನ ಪುಡಿ, ಕೊಳೆತ ಗೊಬ್ಬರ ಬೆರೆಸಿ.

ಅದಕ್ಕೇ ನೀವು ಕೇಳಿದ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನಿಮ್ಮ ಗಿಡ ಸಾಯುತ್ತಿರುವುದು ನೋಡಿಕೊಳ್ಳದೆ ಅಲ್ಲ, ಜಾಸ್ತಿ ನೋಡಿಕೊಂಡು ಅಂತ ನನ್ನ ಅನುಮಾನ. ಸ್ನೇಕ್ ಪ್ಲಾಂಟಿಗೆ ಬೇಸಿಗೆಯಲ್ಲೂ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಸಾಕು, ಮಳೆಗಾಲದಲ್ಲಿ ಇನ್ನೂ ಕಡಿಮೆ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ. ಒಣಗಿದ್ದರೆ ಮಾತ್ರ, ತೂತಿನಿಂದ ಹೊರಗೆ ಹರಿಯುವಷ್ಟು ಹಾಕಿ.

ಬಿಸಿಲು ಬೀಳುವ ಬಾಲ್ಕನಿ ಇದ್ದರೆ ನಿತ್ಯಪುಷ್ಪ, ಕಾಗದದ ಹೂವು ಇಡಿ. ಕಾಗದದ ಹೂವನ್ನು ಸ್ವಲ್ಪ ಒಣಗಲು ಬಿಟ್ಟರೇ ಹೂ ಜಾಸ್ತಿ. ಕಣಗಿಲೆಯೂ ಗಟ್ಟಿ ಗಿಡವೇ, ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲ ವಿಷ, ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ದೊಡ್ಡಪತ್ರೆಗಂತೂ ದುಡ್ಡು ಕೊಡಲೇಬೇಡಿ, ಪಕ್ಕದ ಮನೆಯವರ ಹತ್ತಿರ ಒಂದು ಕಡ್ಡಿ ಕೇಳಿ ನೆಟ್ಟರೆ ಚಿಗುರುತ್ತದೆ.

ಹೊಸದೇನೂ ತರುವ ಮೊದಲು ಇವತ್ತು ಸಂಜೆ ಮನೆಯಲ್ಲಿರುವ ಕುಂಡಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿ. ತೂತಿಲ್ಲದಿದ್ದರೆ ಆ ಗಿಡವನ್ನು ತೂತಿರುವ ಮಣ್ಣಿನ ಕುಂಡಕ್ಕೆ ಬದಲಾಯಿಸಿ, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ ಹಾಕಿ, ಒಂದು ವಾರ ನೀರು ಮುಟ್ಟಿಸಬೇಡಿ.