ಬ್ರೋಷರಿನ ಪೇಟೆಂಟು, ಬೋರ್ಡಿನ ಡಾಕ್ಟರು

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಪೆರ್ಲ ಕಡೆಯ ಅಡಿಕೆ ಕೃಷಿಕರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ವಿಷಯ ಇಷ್ಟು: ಅಡಿಕೆ ಸುಲಿಯುವ ಯಂತ್ರ ಮಾರಲು ಬಂದವರ ಬ್ರೋಷರಿನಲ್ಲಿ ‘ಪೇಟೆಂಟ್ ಪಡೆದ ಯಂತ್ರ’ ಎಂದು ದಪ್ಪಕ್ಷರದಲ್ಲಿ ಇತ್ತಂತೆ. ಅದೇ ತರದ್ದನ್ನು ಊರಿನ ವರ್ಕ್‌ಶಾಪಿನವರು ಅರ್ಧ ದುಡ್ಡಿಗೆ ಮಾಡಿಕೊಡುತ್ತಾರೆ ಅಂದದ್ದಕ್ಕೆ ‘ಕೇಸು ಬೀಳುತ್ತದೆ’ ಎಂದು ಹೆದರಿಸಿದರಂತೆ. ಇನ್ನೊಂದು, ಪೇಟೆಯಲ್ಲಿ ಹೊಸ ಕ್ಲಿನಿಕ್ ತೆರೆದ ಡಾಕ್ಟರ ಹೆಸರನ್ನು ಮಗ ಕೇರಳದ ಮೆಡಿಕಲ್ ಕೌನ್ಸಿಲಿನ ಪಟ್ಟಿಯಲ್ಲಿ ಹುಡುಕಿದರೆ ಸಿಗಲಿಲ್ಲ. ‘ನಕಲಿ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಲಾ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಗ್ರೂಪಿಗೆ ಹಾಕಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಯಂತ್ರದ ಕಥೆ ಮುಗಿಸೋಣ.

ಬ್ರೋಷರಿನಲ್ಲಿ ಪೇಟೆಂಟಿನ ನಂಬರ್ ಉಂಟಾ? ಇಲ್ಲದಿದ್ದರೆ ಮಾರುವವರ ಹತ್ತಿರ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಿದ ಹಾಗೆ. ಯಾಕೆಂದರೆ ಪೇಟೆಂಟು ಗುಟ್ಟಿನ ವಸ್ತು ಅಲ್ಲವೇ ಅಲ್ಲ. ಸರ್ಕಾರ 20 ವರ್ಷ ‘ಇದನ್ನು ನೀನೊಬ್ಬನೇ ಮಾಡಿ ಮಾರು’ ಎಂದು ಹಕ್ಕು ಕೊಡುತ್ತದೆ, ಬದಲಿಗೆ ಅವರು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಚಿತ್ರ ಸಮೇತ ಪೂರ್ತಿ ಬರೆದುಕೊಡಬೇಕು. ಆ ಬರಹ ಎಲ್ಲರಿಗೂ ಸಿಗುತ್ತದೆ. ಭಾರತದ ಪೇಟೆಂಟ್ ಕಚೇರಿಯ ಸೈಟಿನಲ್ಲಿ ನೀವು ಮನೆಯಲ್ಲೇ ಕೂತು ಹುಡುಕಬಹುದು, ಒಂದು ಪೈಸೆ ಖರ್ಚಿಲ್ಲ.

ಅವರು ಕೊಟ್ಟ ನಂಬರ್ 12 ಅಂಕಿಯದ್ದಾಗಿ, 201941 ಅಥವಾ 202241 ಅಂತ ಶುರುವಾದರೆ ಸ್ವಲ್ಪ ನಿಲ್ಲಿ. ಅದು ಪೇಟೆಂಟಿನ ನಂಬರ್ ಅಲ್ಲ, ಅರ್ಜಿಯ ನಂಬರ್. ಮೊದಲ ನಾಲ್ಕು ಅಂಕಿ ವರ್ಷ, ಆಮೇಲಿನ 4 ಅಂದರೆ ಚೆನ್ನೈ ಕಚೇರಿ. ಕೇರಳ, ಕರ್ನಾಟಕ ಎರಡೂ ಅದರ ಕೆಳಗೇ ಬರುತ್ತವೆ, ಗಡಿಯ ಆಚೆ ಈಚೆ ಅಂತ ಅಲ್ಲಿ ಜಗಳ ಇಲ್ಲ. ತಾನೇ ಕಂಡುಹಿಡಿದದ್ದು ಎನ್ನುವ ಯಾರು ಬೇಕಾದರೂ ಅರ್ಜಿ ಹಾಕಬಹುದು. ಸಾಮಾನ್ಯ ವ್ಯಕ್ತಿಗೆ ಆನ್‌ಲೈನಿನಲ್ಲಿ ಅದರ ಶುಲ್ಕ 1,600 ರೂಪಾಯಿ. ಹಾಕಿದ ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಪ್ರಕಟವಾಯಿತು ಅಂದ ಮಾತ್ರಕ್ಕೆ ಮಂಜೂರಾಯಿತು ಅಂತಲ್ಲ. ಪರೀಕ್ಷೆ ಮಾಡಿ ಎಂದು ಮತ್ತೆ ಬೇರೆಯಾಗಿ ಕೇಳಿಕೊಳ್ಳಬೇಕು, ಗಡುವಿನ ಒಳಗೆ ಕೇಳದಿದ್ದರೆ ಅರ್ಜಿ ಹಿಂದೆ ಪಡೆದ ಲೆಕ್ಕ. ಎಷ್ಟೋ ಬ್ರೋಷರುಗಳ ‘ಪೇಟೆಂಟ್’ ಈ ಮೆಟ್ಟಿಲಲ್ಲೇ ಕೂತಿರುತ್ತದೆ. ಇನ್ನು ಕೆಲವರು ಯಂತ್ರದ ಹೊರ ಆಕಾರಕ್ಕೆ ಡಿಸೈನ್ ನೋಂದಣಿ ಮಾಡಿಸಿ ಅದನ್ನೇ ಪೇಟೆಂಟ್ ಅಂತ ಹೇಳಿಕೊಂಡು ತಿರುಗುತ್ತಾರೆ. ಅದು ಬೇರೆ ಕಾಯ್ದೆ, ಬೇರೆ ಹಕ್ಕು. ಒಳಗೆ ಬ್ಲೇಡು ಹೇಗೆ ತಿರುಗುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸರಿ, ನಿಜವಾಗಿ ಮಂಜೂರಾದ ಪೇಟೆಂಟೇ ಅಂತಿಟ್ಟುಕೊಳ್ಳಿ. ಆಗಲೂ ಈಗ ಜೀವಂತ ಇದೆಯಾ ನೋಡಬೇಕು. ಮೂರನೇ ವರ್ಷದಿಂದ ವರ್ಷ ವರ್ಷ ನವೀಕರಣದ ಶುಲ್ಕ ಕಟ್ಟದಿದ್ದರೆ ಹಕ್ಕು ನಿಂತುಹೋಗುತ್ತದೆ, ಅದೂ ಸೈಟಿನಲ್ಲೇ ಕಾಣುತ್ತದೆ. ನಿಂತುಹೋದ ಪೇಟೆಂಟಿನ ಚಿತ್ರ ನೋಡಿ ನಿಮ್ಮ ವರ್ಕ್‌ಶಾಪಿನವರು ಯಂತ್ರ ಮಾಡಿದರೆ ತಡೆಯುವವರಿಲ್ಲ. ಆದರೆ 18 ತಿಂಗಳ ಒಳಗೆ ಮತ್ತೆ ಜೀವ ಕೊಡಿ ಎಂದು ಅರ್ಜಿ ಹಾಕಲು ಅವಕಾಶ ಇರುವುದರಿಂದ ಮರುದಿನವೇ ವೆಲ್ಡಿಂಗ್ ಶುರು ಮಾಡಬೇಡಿ. ಜೀವಂತ ಇದ್ದರೆ ಮಾತ್ರ ಮಾರುವವರ ಮಾತು ನಿಜ, ಅವರ ಒಪ್ಪಿಗೆ ಇಲ್ಲದೆ ನಕಲು ಮಾಡುವ ಹಾಗಿಲ್ಲ. ಹಕ್ಕೇ ಇಲ್ಲದೆ ‘ಕೇಸು ಹಾಕುತ್ತೇವೆ’ ಎಂದು ಹೆದರಿಸಿದ್ದಾದರೆ, 1970ರ ಪೇಟೆಂಟ್ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಹೆದರಿಸಿಕೊಂಡವರೇ ಕೋರ್ಟಿಗೆ ಹೋಗಬಹುದು. ಇಲ್ಲದ ಪೇಟೆಂಟು ಉಂಟು ಅಂತ ಸುಳ್ಳು ಹೇಳಿ ಮಾರಿದರೆ ದಂಡ 10 ಲಕ್ಷದವರೆಗೆ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಬೇರೆ ಒಂದು ಸಾಲು. ‘ಪೇಟೆಂಟ್ ಉಂಟು ಅಂದ ಮೇಲೆ ಯಂತ್ರ ಒಳ್ಳೆಯದೇ ಇರಬೇಕಲ್ಲ’ ಎಂದು ಬರೆದಿದ್ದೀರಿ. ಇಲ್ಲ ಮಾರಾಯ್ರೆ! ಕಚೇರಿಯವರು ನೋಡುವುದು ಇದು ಹೊಸದಾ, ಇದರಲ್ಲಿ ಬುದ್ಧಿ ಓಡಿಸಿದ್ದು ಏನಾದರೂ ಉಂಟಾ, ಇದನ್ನು ಮಾಡಿ ಬಳಸಲು ಆಗುತ್ತದಾ ಅಂತ ಅಷ್ಟೇ. ನಿಮ್ಮ ತೋಟದ ಚಾಲಿಯನ್ನು, ಅಂದರೆ ಹಣ್ಣಡಿಕೆ ಒಣಗಿಸಿದ್ದನ್ನು, ಅದು ಸುಲಿಯುತ್ತದಾ ಒಡೆದು ಹೋಳು ಮಾಡುತ್ತದಾ, ಮಳೆಗಾಲದ ವೋಲ್ಟೇಜಿಗೆ ಮೋಟಾರು ಉಳಿಯುತ್ತದಾ ಎಂದು ಅವರು ನೋಡುವುದಿಲ್ಲ. ಅದಕ್ಕೆ ನಿಮ್ಮದೇ ಒಂದು ಗೋಣಿ ಅಡಿಕೆ ಹಾಕಿ ಓಡಿಸಿ ನೋಡಬೇಕು.

ಈಗ ಡಾಕ್ಟರು. ಕೇರಳದ ಪಟ್ಟಿಯಲ್ಲಿ ಹೆಸರು ಸಿಗದಿರಲು ನಮ್ಮ ಕಾಸರಗೋಡಿನಲ್ಲಿ ಕಾರಣ ಬೇಕಾದಷ್ಟು ಉಂಟು. ಇಲ್ಲಿಯ ಮಕ್ಕಳು ಮಂಗಳೂರಿನಲ್ಲಿ ಓದಿ ಕರ್ನಾಟಕ ಮೆಡಿಕಲ್ ಕೌನ್ಸಿಲಿನಲ್ಲಿ ಹೆಸರು ಬರೆಸಿರುತ್ತಾರೆ. ಇಲ್ಲಿ ರೋಗಿಗಳನ್ನು ನೋಡಲು ಇಲ್ಲಿಯ ನೋಂದಣಿಯೂ ಬೇಕು ಎಂದು ಕೇರಳದ ಕೌನ್ಸಿಲ್ ಹೇಳುತ್ತದೆ. ಅದನ್ನು ಮಾಡಿಸದಿದ್ದರೆ ತಪ್ಪೇ, ಆದರೆ ಕಾಗದ ಬಾಕಿ ಇಟ್ಟವರನ್ನು ನಕಲಿ ಅನ್ನುವುದು ಸರಿಯಲ್ಲ. ಮತ್ತೆ, ಪಟ್ಟಿ ಇರುವುದು ಇಂಗ್ಲಿಷಿನಲ್ಲಿ. ಭಟ್ಟರ ಕೊನೆಗೆ ಒಂದು ‘ಟಿ’ ಹಾಕಿದ್ದಾರಾ ಎರಡಾ, ಇನಿಷಿಯಲ್ಲು ಹಿಂದೆಯಾ ಮುಂದೆಯಾ, ಹೆಸರನ್ನು ಮಲಯಾಳದವರು ಬರೆಯುವ ಹಾಗೆ ಬರೆದಿದ್ದಾರಾ, ಯಾರಿಗೆ ಗೊತ್ತು? ಬೋರ್ಡಿನಲ್ಲಿ ಬರೀ ‘ಡಾ.’ ಅಂತಿದ್ದರೆ ಅವರು ಆಯುರ್ವೇದದವರೋ ಹೋಮಿಯೋಪತಿಯವರೋ ಹಲ್ಲಿನ ಡಾಕ್ಟರೋ ಆಗಿರಬಹುದು, ಅವರ ರಿಜಿಸ್ಟರುಗಳೇ ಬೇರೆ.

ಹಾಗಾಗಿ ಹೆಸರು ಬಿಡಿ, ಇಲ್ಲೂ ನಂಬರ್ ಹಿಡಿಯಿರಿ. 2002ರ ವೈದ್ಯಕೀಯ ನಡತೆ ನಿಯಮದ ಪ್ರಕಾರ ಅಲೋಪತಿ ಡಾಕ್ಟರು ತಮ್ಮ ನೋಂದಣಿ ನಂಬರನ್ನು ಕ್ಲಿನಿಕಿನಲ್ಲೂ ಚೀಟಿಯಲ್ಲೂ ದುಡ್ಡಿನ ರಸೀದಿಯಲ್ಲೂ ಹಾಕಲೇಬೇಕು. ಅದನ್ನು ಕೇಳುವುದು ಮರ್ಯಾದೆಗೇಡಿನ ಕೆಲಸ ಅಂತ ನಮ್ಮ ಕಡೆ ಯಾಕೋ ಸಂಕೋಚ. ಕೇಳಿ, ಸುಮ್ನೆ ಕೇಳಿ. ಯಾವ ರಾಜ್ಯದ ಕೌನ್ಸಿಲ್ ಎಂದೂ ಕೇಳಿ, ಆಮೇಲೆ ಆ ಪಟ್ಟಿಯಲ್ಲಿ ನೋಡಿ. ಅಲ್ಲೂ ಸಿಗದಿದ್ದರೆ ಕೌನ್ಸಿಲಿಗೆ ದೂರು ಬರೆಯಿರಿ. ನೋಂದಣಿ ಇಲ್ಲದೆ ಡಾಕ್ಟರಿಕೆ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಉಂಟು. ಇಷ್ಟು ದೊಡ್ಡ ಆರೋಪವನ್ನು ಗ್ರೂಪಿನಲ್ಲಿ ಒಂದು ಫೋಟೋ ಹಾಕಿ ಹೊರಿಸುವುದು ಸರಿಯಾ ನೀವೇ ಹೇಳಿ.

ಬೇರೆ ವೃತ್ತಿಯವರ ಬಗ್ಗೆ ಸಂಶಯ ಬಂದರೂ ಹೀಗೇ ದಾಖಲೆ ನೋಡಿ. ವಕೀಲರ ಮಟ್ಟಿಗೆ ಮಾತ್ರ ಗಡಿಯ ತಲೆಬಿಸಿ ಇಲ್ಲ. ಯಾವ ರಾಜ್ಯದ ಬಾರ್ ಕೌನ್ಸಿಲಿನಲ್ಲಿ ಹೆಸರಿದ್ದರೂ ದೇಶದ ಎಲ್ಲ ಕೋರ್ಟುಗಳಲ್ಲಿ ವಾದ ಮಾಡಬಹುದು. ಚಾರ್ಟರ್ಡ್ ಅಕೌಂಟೆಂಟ್ ಕೊಟ್ಟ ಸರ್ಟಿಫಿಕೇಟಿನಲ್ಲಿ 18 ಅಂಕಿ-ಅಕ್ಷರಗಳ ಗುರುತು ಸಂಖ್ಯೆ ಇರುತ್ತದೆ, ಅದನ್ನೂ ಆನ್‌ಲೈನಿನಲ್ಲೇ ತಾಳೆ ನೋಡಬಹುದು.

ಒಂದು ವಿಷಯಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಪೇಟೆಂಟಿನ ಕಾಗದ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಮಾತ್ರ ಇರಬೇಕು ಎಂಬುದೇ ನಿಯಮ. ಎಲ್ಲರಿಗೂ ತೆರೆದ ದಾಖಲೆ ಅನ್ನುತ್ತಾರೆ, ಕನ್ನಡ ಮಾತ್ರ ಓದುವ ಕೃಷಿಕರಿಗೆ ಅದು ಮುಚ್ಚಿದ್ದೇ ಅಲ್ವಾ? ಅದಕ್ಕೆ ಬ್ರೋಷರಿನ ಆ ನಂಬರ್ ಇರುವ ಪುಟದ ಫೋಟೋ ತೆಗೆದು ನಮಗೆ ಕಳಿಸಿ. ಈಗ ಅದರ ಸ್ಥಿತಿ ಏನು, ಒಳಗೆ ಏನು ಬರೆದಿದ್ದಾರೆ ಎಂದು ನೋಡಿ ಕನ್ನಡದಲ್ಲಿ ಬರೆದು ಕಳಿಸುತ್ತೇವೆ. ಡಾಕ್ಟರ ನಂಬರ್ ಮಾತ್ರ ನೀವೇ ಕೇಳಿ.