‘ಆದರೂ’ ಎಂಬ ಒಂದು ಪದ

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಲೇಖನವೊಂದರ ವಿಮರ್ಶೆಯಲ್ಲಿ ‘ಲೇಖಕರು ಪೂರ್ವಗ್ರಹಪೀಡಿತರು’ ಎಂದು ಬರೆದಿದ್ದೆ. ಮೇಷ್ಟ್ರು ಅದನ್ನು ಹೊಡೆದುಹಾಕಿ, ‘ಪಕ್ಷಪಾತ ಅನ್ನಬಹುದು, ಪೂರ್ವಗ್ರಹ ಅಲ್ಲ’ ಎಂದು ಬರೆದುಕೊಟ್ಟರು. ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ನಿಮ್ಮ ಮೇಷ್ಟ್ರು ತಿದ್ದಿದ್ದು ಒಳ್ಳೆಯದಾಯಿತು, ಈ ಎರಡನ್ನು ಬೆರೆಸುವವರೇ ಹೆಚ್ಚು. ಪಕ್ಷಪಾತ ಎಂದರೆ ಒಂದು ಕಡೆಗೆ ವಾಲುವುದು. ಪೂರ್ವಗ್ರಹ ಎಂದರೆ ವಿಚಾರಿಸುವ ಮೊದಲೇ ತೀರ್ಮಾನಿಸಿ, ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಹೆಚ್ಚಾಗಿ ಅದು ಯಾವುದೋ ಒಂದು ಗುಂಪಿನ ಜನರ ಮೇಲಿರುತ್ತದೆ.

ವಾಲುವುದು ಎಲ್ಲರಿಗೂ ಇದ್ದದ್ದೇ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಎಂಬ ಎರಡು ವಿದ್ಯಾಸಂಸ್ಥೆಗಳ ತಂಡಗಳ ನಡುವೆ ಒರಟಾದ ಫುಟ್‌ಬಾಲ್ ಪಂದ್ಯ ನಡೆಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಸಂಶೋಧಕರು ಅದರ ಚಿತ್ರೀಕರಣವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರ ತಪ್ಪುಗಳು ಅವರದೇ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಪ್ರಿನ್ಸ್‌ಟನ್‌ನವರಿಗೆ ಎರಡು ಪಟ್ಟಿಗೂ ಹೆಚ್ಚು ಕಂಡವು. ನೋಡಿದ್ದು ಮಾತ್ರ ಒಂದೇ ಆಟ!

ಬರಹದಲ್ಲಿ ಪಕ್ಷಪಾತ ಸಿಗುವುದು ಆಯ್ಕೆಯಲ್ಲಿ. ಯಾರ ಮಾತಿಗೆ ಮೂರು ಪ್ಯಾರಾ, ಯಾರ ಮಾತಿಗೆ ಕೊನೆಯಲ್ಲೊಂದು ಸಾಲು? ಯಾರು ‘ಹೇಳಿದರು’, ಯಾರು ‘ಸಮಜಾಯಿಷಿ ನೀಡಿದರು’? ಹಾಗೆಂದು ಆ ಬರಹವನ್ನು ಮಡಚಿಡಬೇಕಿಲ್ಲ. ಕಾರ್ಮಿಕ ಸಂಘದ ಕರಪತ್ರ ಕಾರ್ಮಿಕರ ಪರವಾಗಿಯೇ ಇರುತ್ತದೆ, ಅದರಲ್ಲಿನ ಲೆಕ್ಕ ಸರಿಯಾಗಿಯೇ ಇರಬಹುದು. ಬಿಟ್ಟದ್ದನ್ನು ಬೇರೆ ಕಡೆ ಹುಡುಕಿ ಓದಿಕೊಂಡರಾಯಿತು.

ಪೂರ್ವಗ್ರಹ ಇಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಈ ವಾಕ್ಯ ನೋಡಿ: ‘ಆತ ವಲಸೆ ಬಂದವನು, ಆದರೂ ಪ್ರಾಮಾಣಿಕ.’ ಬೈಗುಳವಿಲ್ಲ, ಮೇಲ್ನೋಟಕ್ಕೆ ಹೊಗಳಿಕೆಯೇ. ಆದರೆ ಅಲ್ಲಿ ‘ಆದರೂ’ ಬರಬೇಕಾದರೆ, ‘ವಲಸೆ ಬಂದವರು ಪ್ರಾಮಾಣಿಕರಲ್ಲ’ ಎಂಬ ಇನ್ನೊಂದು ವಾಕ್ಯ ಬರೆದವರ ತಲೆಯಲ್ಲಿ ಇರಲೇಬೇಕು. ಅದನ್ನು ಕಾಗದದ ಮೇಲೆ ಇಟ್ಟಿಲ್ಲ, ಹಾಗಾಗಿ ಅದಕ್ಕೆ ಪುರಾವೆ ಕೊಡುವ ಹೊಣೆಯೂ ಅವರಿಗೆ ಬರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಮುಂದಿನದು: ಪ್ರಾಮಾಣಿಕ ಮನುಷ್ಯನೊಬ್ಬ ಕಣ್ಣೆದುರೇ ನಿಂತಿದ್ದರೂ ಆ ತೀರ್ಮಾನ ಅಲುಗಲಿಲ್ಲ, ಅವನನ್ನೇ ಅಪವಾದ ಮಾಡಿಬಿಟ್ಟಿತು. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಗೆರೆ ಎಳೆದದ್ದೂ ಇಲ್ಲಿಯೇ. ತಿಳಿಯದೆ ಮೊದಲೇ ತೀರ್ಮಾನಿಸುವುದು ಬರೀ ತಪ್ಪು. ಹೊಸ ವಿಷಯ ತಿಳಿದ ಮೇಲೂ ಬದಲಾಗದಿದ್ದರೆ ಅದು ಪೂರ್ವಗ್ರಹ.

ಈಗ ನೀವು ವಿಮರ್ಶಿಸಿದ ಲೇಖನವನ್ನು ಮತ್ತೆ ತೆರೆಯಿರಿ. ‘ಆದರೂ’, ‘ಸಹಜವಾಗಿಯೇ’, ‘ಇಂಥವರು’ ಎಂಬ ಪದಗಳಿಗೆ ಪೆನ್ಸಿಲ್‌ನಿಂದ ಗೆರೆ ಹಾಕಿ, ಪ್ರತಿಯೊಂದರ ಹಿಂದಿರುವ ಬರೆಯದ ವಾಕ್ಯವನ್ನು ಅಂಚಿನಲ್ಲಿ ಬರೆಯಿರಿ. ಹಾಗೆ ತೋರಿಸಬಲ್ಲ ಒಂದು ಸಾಲು ಸಿಕ್ಕರೂ ಸಾಕು, ನಿಮ್ಮ ಮೂಲ ಮಾತನ್ನು ಆ ಸಾಲಿನ ಸಮೇತ ಮೇಷ್ಟ್ರ ಮುಂದಿಡಿ. ಸಿಗದಿದ್ದರೆ, ಯಾರ ಮಾತನ್ನು ಬಿಟ್ಟಿದ್ದಾರೆ ಎಂಬುದನ್ನು ಹೆಸರಿಸಿ ಬರೆಯಿರಿ.